ಚಾ ಅಂಗಡಿಯ ಎದುರಿನ ಹಸಿರು ಚುಕ್ಕೆ

ತಂಗಿಯ ಮದುವೆ ಗೊತ್ತಾದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಬಿತ್ತು. ಚಿಕ್ಕಪ್ಪ ಛತ್ರ ನೋಡಿಕೊಂಡರು, ಅವ್ವ ಸೀರೆ ಒಡವೆ ನೋಡಿಕೊಂಡಳು, ಚಿಕ್ಕಪ್ಪನ ಮಗ ಅಡುಗೆಯವರನ್ನೂ ಶಾಮಿಯಾನದವರನ್ನೂ ಹಿಡಿದು ತಂದ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯ ಮಗ ನಾನು. ನನ್ನ ಪಾಲಿಗೆ ಬಂದದ್ದು ನೆಂಟರಿಷ್ಟರನ್ನು ಕರೆಯುವ ಕೆಲಸ. ಚಾಮರಾಜನಗರದ ಒಂದು ಕಾಲೇಜಿನಲ್ಲಿ ಫ್ಯಾನಿನ ಕೆಳಗೆ ನಿಂತು ಕಂಪ್ಯೂಟರ್ ಪಾಠ ಹೇಳುವವನಿಗೆ ಬಿಸಿಲಲ್ಲಿ ಊರೂರು ಅಲೆಯುವುದೆಂದರೆ ಅಷ್ಟಕ್ಕಷ್ಟೆ. ಹಾಗಾಗಿ ನಾನು ಪತ್ರಿಕೆಯ ಕಟ್ಟನ್ನು ಮೂಲೆಗಿಟ್ಟು ಮೊದಲು ಒಂದು ಪ್ರೋಗ್ರಾಮ್ ಬರೆಯಲು ಕೂತೆ.

ನಮ್ಮ ಕಡೆ ಮದುವೆಗೆ ಕರೆಯುವುದು ಎಂದರೆ ಪತ್ರಿಕೆ ಕೊಟ್ಟು ಬರುವುದಲ್ಲ. ಒಳಗೆ ಹೋಗಬೇಕು, ಕೂರಬೇಕು, ಹಾಲೋ ಕಾಫಿಯೋ ಕುಡಿಯಬೇಕು, ಮನೆಯ ಹಿರಿಯರಿಗೆ ಬಾಯಿಬಿಟ್ಟು ಹೇಳಬೇಕು, ಹೆಂಗಸರಿಗೆ ಹೆಂಗಸರು ಕುಂಕುಮ ಕೊಟ್ಟು ಕರೆಯಬೇಕು. ಬಾಗಿಲ ಸಂದಿಗೆ ಪತ್ರಿಕೆ ಸಿಕ್ಕಿಸಿ ಬಂದರೆ ಅದು ಕರೆದಂತಲ್ಲ, ಅವಮಾನ ಮಾಡಿದಂತೆ. ಎರಡು ಮೂರು ಬೈಕುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗಿ ಕರೆಯುವಾಗ ಯಾವುದೋ ಒಂದು ಮನೆ ಬಿಟ್ಟುಹೋಗುವುದು ಸಾಮಾನ್ಯ. ಹಾಗೆ ಬಿಟ್ಟುಹೋದ ಮನೆಯವರು ಮುಂದಿನ ಎರಡು ಮದುವೆಗಳವರೆಗೆ ಅದನ್ನು ಆಡಿ ತೋರಿಸುವುದೂ ಸಾಮಾನ್ಯ.

ನನ್ನ ಪ್ರೋಗ್ರಾಮ್ ಇದಕ್ಕೆ ಮದ್ದು ಎಂದು ನಾನು ನಂಬಿದ್ದೆ. ನಕ್ಷೆಯ ಮೇಲೆ ಪ್ರತಿ ನೆಂಟರ ಮನೆಗೂ ಒಂದು ಕೆಂಪು ಚುಕ್ಕೆ. ಕರೆಯಲು ಹೋಗುವವರ ಜೇಬಿನಲ್ಲಿ ಫೋನು. ಆ ಫೋನು ಒಂದು ಮನೆಯ ಹತ್ತಿರ ಐದು ನಿಮಿಷ ನಿಂತರೆ ಆ ಮನೆಯ ಚುಕ್ಕೆ ತಾನಾಗಿ ಹಸಿರಾಗುತ್ತದೆ. ಹಸಿರಾಯಿತು ಅಂದರೆ ಕರೆದಾಯಿತು. ಯಾರೂ ಏನನ್ನೂ ಒತ್ತಬೇಕಾಗಿಲ್ಲ, ಬರೆಯಬೇಕಾಗಿಲ್ಲ. ಪುಣಜನೂರಿನ ಕಾಡಂಚಿನಿಂದ ಗುಂಡ್ಲುಪೇಟೆಯಾಚೆಯ ಹಂಗಳದವರೆಗೆ ಚುಕ್ಕೆಗಳನ್ನು ಇಟ್ಟು ನೋಡಿದಾಗ ಒಬ್ಬ ಸೇನಾಧಿಪತಿಗೆ ಆಗುವಷ್ಟು ಸಂತೋಷ ನನಗಾಯಿತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ನಾನಾಗುತ್ತಿರಲಿಲ್ಲ. ಮದುವೆ ನಮ್ಮ ಮನೆಯಲ್ಲಿ ಮಾತ್ರ ನಡೆಯುತ್ತದೆಯೇ? ಇಡೀ ನಾಡಿಗೆ ಉಪಯೋಗವಾಗಲಿ ಎಂದು ಅದನ್ನು ಓಪನ್ ಸೋರ್ಸ್ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಅಂದರೆ ಯಾರು ಬೇಕಾದರೂ ಅದರ ಒಳಗನ್ನು ಓದಬಹುದು, ಬಳಸಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ತಿದ್ದಿ ಕಳಿಸುವವರು ಎಲ್ಲಿ ಕೆಡಿಸುತ್ತಾರೋ ಎಂಬ ಭಯಕ್ಕೆ ಪ್ರೋಗ್ರಾಮಿಗೆ ಟೆಸ್ಟುಗಳನ್ನು ಬರೆದೆ. ಟೆಸ್ಟು ಎಂದರೆ ಪ್ರೋಗ್ರಾಮನ್ನು ಓಡಿಸಿ ನೋಡುವ ಇನ್ನೊಂದು ಪುಟ್ಟ ಪ್ರೋಗ್ರಾಮು. ಆ ಟೆಸ್ಟುಗಳ ಮೇಲೆ ಕಣ್ಣಿಡಲು ಕವರೇಜ್ ಟೂಲು ಎಂಬ ಇನ್ನೊಂದನ್ನು ತಂದು ಕೂರಿಸಿದೆ. ನನ್ನ ಕೇಡುಗಾಲ ಶುರುವಾದದ್ದು ಅಲ್ಲಿಂದ.

ಕವರೇಜ್ ಟೂಲು ಮಾಡುವುದು ಇಷ್ಟೆ. ಟೆಸ್ಟುಗಳು ಓಡಿದಾಗ ಪ್ರೋಗ್ರಾಮಿನ ಯಾವ ಯಾವ ಸಾಲು ಕೆಲಸ ಮಾಡಿತು, ಯಾವುದು ಸುಮ್ಮನೆ ಮಲಗಿತ್ತು ಎಂದು ಗುರುತು ಹಾಕುತ್ತದೆ. ಓಡಿದ ಸಾಲು ಹಸಿರು, ಓಡದ ಸಾಲು ಕೆಂಪು. ಕೊನೆಯಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಓಡಿದ ಸಾಲು ಸರಿಯಾದ ಉತ್ತರ ಕೊಟ್ಟಿತೇ ಎಂಬುದು ಅದಕ್ಕೆ ಬೇಕಿಲ್ಲ. ನನ್ನ ತರಗತಿಯಲ್ಲಿ ಹಾಜರಿ ಹಾಕಿಸಿಕೊಂಡವರೆಲ್ಲ ಪಾಠ ಕೇಳಿದ್ದಾರೆ ಎಂದು ತಿಳಿಯುವ ಹಾಗೆ ಅದು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಪ್ರತಿ ವರ್ಷ ಇದನ್ನೇ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಕೇಳುತ್ತೇನೆ.

ಆದರೆ ಬೇರೆಯವರಿಗೆ ಹೇಳುವುದು ಬೇರೆ, ಎದುರಿಗೆ ಎಂಬತ್ತೆರಡು ಎಂಬ ಅಂಕ ಕಂಡಾಗ ಸುಮ್ಮನಿರುವುದು ಬೇರೆ. ಶಾಲೆಯಲ್ಲಿ ಎಂದೂ ನೂರಕ್ಕೆ ನೂರು ಕಾಣದವನು ನಾನು. ಕಾಲೇಜಿನಿಂದ ಬಂದು ಕಾಲು ಚಾಚಿ ಕೂತರೆ ಇದೇ ಧ್ಯಾನ. ಕೆಂಪು ಸಾಲು ಹುಡುಕು, ಅದನ್ನು ಹೇಗಾದರೂ ಓಡಿಸುವ ಒಂದು ಟೆಸ್ಟು ಬರೆ, ಹಸಿರು ಮಾಡು. ಮನೆಯ ಹತ್ತಿರ ಒಂದು ಸುಳ್ಳು ಫೋನನ್ನು ಆರು ನಿಮಿಷ ನಿಲ್ಲಿಸುವ ಟೆಸ್ಟು ಬರೆದೆ. ಸಾಲು ಓಡಿತು, ಹಸಿರಾಯಿತು. ಆ ಮನೆಯವರನ್ನು ನಿಜವಾಗಿ ಕರೆದ ಹಾಗಾಯಿತೇ ಎಂದು ಆ ಟೆಸ್ಟು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಂತೂ ಒಂದು ಸಂಜೆ ನೂರು ಬಂತು. ಪ್ರಾಜೆಕ್ಟಿನ ಪುಟದ ನೆತ್ತಿಯ ಮೇಲೆ 'ಕವರೇಜ್ ನೂರು' ಎಂಬ ಹಸಿರು ಬ್ಯಾಡ್ಜು ಬಂದು ಕೂತಿತು. ಅವ್ವನನ್ನು ಕರೆದು ತೋರಿಸಿದೆ. "ಕರ್ಯಕ್ಕೆ ಯಾವಾಗ ಓಗ್ತೀಯೆ?" ಎಂದಳು.

ಅಷ್ಟು ಹೊತ್ತಿಗೆ ಯಾರೋ ಒಬ್ಬರು ನನ್ನ ಪ್ರೋಗ್ರಾಮಿಗೆ ಒಂದು ತಿದ್ದುಪಡಿ ಕಳಿಸಿದರು. ಗಂಡೋ ಹೆಣ್ಣೋ ಯಾವ ದೇಶದವರೋ ತಿಳಿಯದು, ಫೋಟೋ ಇರಬೇಕಾದ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರವಿತ್ತು. ಅವರ ಸಲಹೆ ಸರಳವಾಗಿತ್ತು. ಐದು ನಿಮಿಷವಾದೊಡನೆ ಚುಕ್ಕೆ ಹಸಿರಾಗಬಾರದು. ಮೊದಲು ಫೋನು 'ಈ ಮನೆಯಲ್ಲಿ ಯಾರಿಗೆ ಹೇಳಿದಿರಿ?' ಎಂದು ಕೇಳಬೇಕು, ಹೆಸರು ಬರೆದರೆ ಮಾತ್ರ ಹಸಿರಾಗಬೇಕು. ಆದರೆ ಅವರು ಹೊಸದಾಗಿ ಬರೆದ ಸಾಲುಗಳಿಗೆ ಎಲ್ಲ ಟೆಸ್ಟುಗಳನ್ನೂ ಬರೆದಿರಲಿಲ್ಲ. ಕವರೇಜ್ ತೊಂಬತ್ತೇಳಕ್ಕೆ ಇಳಿಯಿತು. ನೂರಕ್ಕಿಂತ ಕಡಿಮೆಯಾದರೆ ಒಳಗೆ ಬಿಡಬಾರದು ಎಂದು ನಾನೇ ಕಟ್ಟಪ್ಪಣೆ ಮಾಡಿದ್ದರಿಂದ ಟೂಲು ಕೆಂಪು ಇಂಟು ಗುರುತು ಹಾಕಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿತು.

'ಕವರೇಜ್ ಕಾಪಾಡಿಕೊಂಡು ಮತ್ತೆ ಕಳಿಸಿ' ಎಂದು ನಾನು ಇಂಗ್ಲಿಷಿನಲ್ಲಿ ಗತ್ತಿನಿಂದ ಬರೆದೆ. ಅವರು ಮರುದಿನ ಒಂದೇ ಸಾಲಿನ ಉತ್ತರ ಬರೆದರು. 'ನಿಮ್ಮ ಟೆಸ್ಟುಗಳು ಎಲ್ಲ ಸಾಲುಗಳನ್ನೂ ಓಡಿಸುತ್ತವೆ, ಆದರೆ ಒಂದನ್ನೂ ಪ್ರಶ್ನೆ ಕೇಳುವುದಿಲ್ಲವಲ್ಲ?' ನನಗೆ ಮೈ ಉರಿದುಹೋಯಿತು. ನೂರು ತಂದವನಿಗೆ ತೊಂಬತ್ತೇಳು ತಂದವನ ಉಪದೇಶವೇ ಎಂದುಕೊಂಡು ಉತ್ತರ ಬರೆಯದೆ ಕೂತೆ.

ಕರೆಯುವ ಕೆಲಸ ಶುರುವಾಯಿತು. ಹರದನಹಳ್ಳಿ, ಚಂದಕವಾಡಿ ಕಡೆಗೆ ಚಿಕ್ಕಪ್ಪ ಚಿಕ್ಕಮ್ಮ ಹೋದರು. ಗುಂಡ್ಲುಪೇಟೆ ದಿಕ್ಕಿಗೆ ಚಿಕ್ಕಪ್ಪನ ಮಗ ತನ್ನ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ನಾನು ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಟ್ರೋಲ್ ರೂಮ್ ತೆರೆದೆ. ತೆರಕಣಾಂಬಿಯಲ್ಲಿ ಒಂದು ಚುಕ್ಕೆ ಹಸಿರಾದರೆ ನಾನೇ ಹೋಗಿ ಕರೆದಷ್ಟು ಬೀಗುತ್ತಿದ್ದೆ. ತಂಗಿ ಎರಡು ಸಲ ಹಾದುಹೋಗುವಾಗ, "ಅಣ್ಣ, ನೀನೂ ಒಂದೆರಡು ಮನೆಗೆ ಹೋಗಬಹುದಿತ್ತು" ಎಂದಳು. ಯಾರಾದರೂ ಒಬ್ಬರು ಇಲ್ಲಿ ಕೂತು ನೋಡಿಕೊಳ್ಳಬೇಕು ಎಂದು ಅವಳಿಗೆ ತಿಳಿಹೇಳಿದೆ.

ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಪಕ್ಕದಲ್ಲೇ, ನಮ್ಮ ಸೋದರತ್ತೆಯ ಮನೆ ಇದೆ. ಅಪ್ಪನ ಅಕ್ಕ. ನಮ್ಮ ಮನೆಯಲ್ಲಿ ಮದುಮಗಳಿಗೆ ಮೊದಲ ಅರಿಸಿನ ಹಚ್ಚುವುದು ಸೋದರತ್ತೆಯೇ, ಅವರ ಕೈ ಬೀಳದೆ ಬೇರೆ ಯಾರೂ ಮುಟ್ಟುವಂತಿಲ್ಲ. ನಿಶ್ಚಿತಾರ್ಥಕ್ಕೆ ಅವರೇ ಮುಂದೆ ನಿಂತಿದ್ದರು. ಆದರೂ ಮದುವೆಗೆ ಬೇರೆಯಾಗಿ ಕರೆಯಬೇಕು, ಅದೂ ಮನೆಯ ಹಿರಿಯ ಮಗ ಹೋಗಿ ಕರೆಯಬೇಕು. ಅಂದರೆ ನಾನು. ಆ ಚುಕ್ಕೆ ನನ್ನ ಬಾಬ್ತು ಎಂದು ನನಗೂ ಗೊತ್ತಿತ್ತು, ನಾಳೆ ನಾಡಿದ್ದು ಎಂದು ತಳ್ಳಿಕೊಂಡು ಬಂದಿದ್ದೆ. ಆ ದಿನ ಹನ್ನೊಂದರ ಹೊತ್ತಿಗೆ ನೋಡುತ್ತೇನೆ, ಅತ್ತೆಯ ಮನೆಯ ಚುಕ್ಕೆ ಹಸಿರಾಗಿದೆ. ದಾರಿಯಲ್ಲೇ ಇತ್ತಲ್ಲ, ಚಿಕ್ಕಪ್ಪನ ಮಗ ತಮ್ಮನೇ ಹೋಗಿ ಕರೆದುಬಿಟ್ಟ ಎಂದುಕೊಂಡೆ. ಬೇಸರವಾಗಲಿಲ್ಲ, ಒಂದು ಬಸ್ ಪ್ರಯಾಣ ಉಳಿಯಿತು ಎಂದು ಖುಷಿಯೇ ಆಯಿತು.

ನಡೆದದ್ದು ಬೇರೆ. ಅತ್ತೆಯ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಮಲಯಾಳಿಯೊಬ್ಬರ ಚಾ ಅಂಗಡಿ ಇದೆ. ತಮ್ಮನೂ ಅವನ ಹೆಂಡತಿಯೂ ಹಂಗಳಕ್ಕೆ ಹೋಗುವಾಗ ಅಲ್ಲಿ ನಿಂತು ಚಾ ಕುಡಿದು ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿಂದರು. ಅತ್ತೆಯ ಮನೆಗೆ ಬರಿಗೈಯಲ್ಲಿ ಹೋಗುವುದು ಬೇಡ, ವಾಪಸ್ ಬರುವಾಗ ಹೂವು ಹಣ್ಣು ತೆಗೆದುಕೊಂಡು ಒಂದು ಗಳಿಗೆ ಕೂತು ಮಾತಾಡಿಸಿಕೊಂಡು ಹೋಗೋಣ ಎಂದು ಮಾತಾಡಿಕೊಂಡರು. ಚಾ ಬಿಸಿಯಿತ್ತು, ಐದು ನಿಮಿಷ ದಾಟಿತು, ಚುಕ್ಕೆ ಹಸಿರಾಯಿತು. ಸಂಜೆ ವಾಪಸ್ ಬರುವಾಗ ತಮ್ಮ ಫೋನು ತೆಗೆದು ನೋಡಿದ. ಅತ್ತೆಯ ಮನೆ ಹಸಿರು. ಅದು ಅಣ್ಣ ಕರೆಯಬೇಕಾದ ಮನೆ, ಅಣ್ಣನೇ ಬಂದು ಕರೆದು ಹೋಗಿದ್ದಾನೆ ಎಂದುಕೊಂಡು ಗಾಡಿ ನಿಲ್ಲಿಸದೆ ಬಂದುಬಿಟ್ಟ. ಅವನು ಕರೆದ ಎಂದು ನಾನು, ನಾನು ಕರೆದೆ ಎಂದು ಅವನು.

ಮದುವೆಗೆ ವಾರ ಇರುವಾಗ ತೆರಕಣಾಂಬಿಯ ನೆಂಟರೊಬ್ಬರು ಅವ್ವನಿಗೆ ಫೋನು ಮಾಡಿದರು. ಅತ್ತೆ ಮದುವೆಗೆ ಬರುವುದಿಲ್ಲವಂತೆ, ಕರೆದೇ ಇಲ್ಲವಂತೆ. ಅವ್ವ ಫೋನು ಇಟ್ಟು ನನ್ನ ಮುಂದೆ ಬಂದು ನಿಂತಳು.

"ಅತ್ತಿಗೇನ ಕರ್ದಿಲ್ವ ನೀನು?"

"ಕರೆದಾಗಿದೆ ಕಣವ್ವ, ನೋಡು," ಎಂದು ಪರದೆಯನ್ನು ಅವಳ ಕಡೆಗೆ ತಿರುಗಿಸಿದೆ. "ಹಸಿರು."

"ಅಸ್ರೋ ಕೆಂಪೋ ನಂಗೊತ್ತಿಲ್ಲ. ಅತ್ತಿಗೆ ಮನೆ ಒಳೀಕೆ ಓಗಿ ಕುಂತೋರು ಯಾರು?"

ತಮ್ಮನನ್ನು ಒಂದು ಮಾತು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅವನನ್ನು ಕೇಳಲಿಲ್ಲ. ನೂರಕ್ಕೆ ನೂರು ಕವರೇಜ್ ಇರುವ ಪ್ರೋಗ್ರಾಮು ತಪ್ಪು ಹೇಳುವುದಿಲ್ಲ, ವಯಸ್ಸಾದ ಅತ್ತೆಗೇ ಮರೆತಿರಬೇಕು ಎಂದು ನೇರವಾಗಿ ಅವರಿಗೇ ಫೋನು ಮಾಡಿದೆ. ಈ ಜನ್ಮದಲ್ಲಿ ನಾನು ಮಾಡಿದ ಫೋನುಗಳಲ್ಲಿ ಅದಕ್ಕಿಂತ ಮೂರ್ಖತನದ್ದು ಇನ್ನೊಂದಿಲ್ಲ.

"ಅತ್ತೆ, ನಿಮ್ಮನ್ನ ಕರೆದಾಗಿದೆಯಲ್ಲ. ಇಲ್ಲಿ ತೋರಿಸ್ತಾ ಇದೆ," ಎಂದೆ.

"ಏನು ತೋರುಸ್ತಾ ಅದೆ?"

"ಕಂಪ್ಯೂಟರ್. ನಿಮ್ಮ ಮನೆ ಹಸಿರು ಅಂತ."

ಅತ್ತೆ ಮೆಲ್ಲಗೆ ಹೇಳಿದರು. "ಅಂಗಾರೆ ಆ ಕಂಪ್ಯೂಟ್ರನ್ನೇ ಕರ್ಕೊಂಡೋಗಿ ಮದ್ವೆ ಎಣ್ಣಿಗೆ ಅರಿಸ್ನ ಹಚ್ಚುಸ್ಕಳಿ ಕಣಪ್ಪ." ಫೋನು ಕಟ್ಟಾಯಿತು.

ತಂಗಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ಅಪ್ಪನೂ ಇಲ್ಲ, ಅತ್ತೆನೂ ಬರದೆ ಇದ್ರೆ ನನಗೆ ಯಾರು ಅರಿಸಿನ ಹಚ್ತಾರಣ್ಣ?" ಎಂದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ತಮ್ಮನಿಗೆ ಫೋನು ಮಾಡಿದೆ. ಚಾ ಅಂಗಡಿಯ ಕತೆ ಹೊರಗೆ ಬಂತು. "ನೀನೇ ಬಂದಿದ್ದೆ ಅನ್ಕಂಡೆ ಕಣಣ್ಣ, ಅಸ್ರು ತೋರುಸ್ತಿತ್ತು," ಎಂದ. ಅವನನ್ನು ಬೈಯಲು ಬಾಯಿ ತೆರೆದು ಮುಚ್ಚಿಕೊಂಡೆ.

ಮಾರನೆಯ ಬೆಳಿಗ್ಗೆಯೇ ಅವ್ವನೂ ನಾನೂ ಗುಂಡ್ಲುಪೇಟೆಗೆ ಹೊರಟೆವು. ಹೊರಡುವಾಗ ಅಭ್ಯಾಸಬಲದಿಂದ ಫೋನನ್ನು ಜೇಬಿಗಿಡಲು ಹೋದೆ. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಡುಗೆಮನೆಯ ಷೆಲ್ಫಿನಲ್ಲಿ ಸಕ್ಕರೆ ಡಬ್ಬದ ಪಕ್ಕಕ್ಕಿಟ್ಟಳು. "ಇದು ಇಲ್ಲೇ ಇರ್ಲಿ ಬುಡು. ನೀನೊಬ್ನೇ ಬಾ," ಎಂದಳು. ಗುಂಡ್ಲುಪೇಟೆಯಲ್ಲಿ ಇಳಿದು ಮಲ್ಲಿಗೆ, ಏಲಕ್ಕಿ ಬಾಳೆ, ವೀಳ್ಯದೆಲೆ ತೆಗೆದುಕೊಂಡೆವು.

ಅತ್ತೆ ಬಾಗಿಲು ತೆರೆದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. "ಬನ್ನಿ ಒಳೀಕೆ, ಬಿಸ್ಲು," ಎಂದರು. ಮಾವ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದವರು ಮಡಚಿಟ್ಟರು. ಕೂತೆವು. ಅತ್ತೆ ನಮ್ಮ ಬಾಳೆತೋಟ ವಿಚಾರಿಸಿದರು, ಅವ್ವನ ಮಂಡಿನೋವು ವಿಚಾರಿಸಿದರು, ಈ ಸಲ ಅರಿಸಿನ ಎಷ್ಟು ಬಂತು ಎಂದು ಕೇಳಿದರು. ಮದುವೆಯ ಮಾತು ಒಂದನ್ನು ಬಿಟ್ಟು ಎಲ್ಲವೂ ಬಂತು.

ಕೊನೆಗೆ ಅವರು ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದರು. "ಅವತ್ತು ಈ ಕಿಟಕೀಲಿ ನೋಡ್ದೆ ಕಣಮ್ಮಿ. ಗಂಡ ಎಂಡ್ತಿ ಇಬ್ರೂ ಆ ಚಾ ಅಂಗ್ಡಿ ತಾವು ನಿಂತಿದ್ರು. ಕರ್ಯಕ್ಕೆ ಬಂದವ್ರೆ, ಚಾ ಕುಡ್ಕೊಂಡು ಬತ್ತರೆ ಅನ್ಕಂಡು ಒಳೀಕೆ ಓಗಿ ಸೀರೆ ಬದಲಾಯ್ಸ್ಕಂಡೆ. ಎರಡು ಲೋಟ ಹಾಲು ಕಾಯ್ಸಿ ಸಕ್ರೆ ಹಾಕಿ ಇಕ್ಕಿದ್ದೆ. ಈಚೆ ಬಂದು ನೋಡ್ತೀನಿ, ಗಾಡಿ ಇಲ್ಲ." ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು. "ಸಂಜೆಗಂಟ ಇಟ್ಗಂಡಿದ್ದೆ ಹಾಲ. ಆಮೇಕೆ ಹೆಪ್ಪು ಹಾಕುಮಾ ಅಂದ್ರೆ ಸಕ್ರೆ ಬೇರೆ ಹಾಕ್ಬುಟ್ಟಿದ್ದೆ."

ನನಗೆ ಆ ಹೊತ್ತು ನೆನಪಿಗೆ ಬಂತು. ಅತ್ತೆ ಒಳಗೆ ಹಾಲು ಕಾಯಿಸುತ್ತಿದ್ದಾಗ ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ನಾನು ಅವರ ಮನೆ ಹಸಿರಾದದ್ದು ನೋಡಿ ಖುಷಿಪಡುತ್ತಿದ್ದೆ. ಅವರು ಕಿಟಕಿಯಲ್ಲಿ ನಿಂತು ಖಾಲಿ ರಸ್ತೆ ನೋಡುತ್ತಿದ್ದಾಗ ನಾನು ತಂಗಿಗೆ ಕಂಟ್ರೋಲ್ ರೂಮಿನ ಮಹತ್ವ ತಿಳಿಹೇಳುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಅತ್ತೆ, ತಪ್ಪಾಯ್ತು," ಎಂದೆ.

"ತಪ್ಪು ಒಪ್ಪು ಇರ್ಲಿ. ಬಂದ ಕೆಲ್ಸ ಏನು, ಹೇಳು."

ಆಗ ಗೊತ್ತಾಯಿತು, ನಾನು ಬದುಕಿನಲ್ಲಿ ಒಬ್ಬರನ್ನೂ ಹೀಗೆ ಬಾಯಿಬಿಟ್ಟು ಕರೆದೇ ಇರಲಿಲ್ಲ. ಮೊದಲು ಅಪ್ಪ ಕರೆಯುತ್ತಿದ್ದ, ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವನಿಗೆ ನಾಲಗೆ ಹೊರಳಲಿಲ್ಲ. "ಅತ್ತೆ, ತಂಗಿ ಮದುವೆ. ನೀವು ಬರಬೇಕು. ನೀವೇ ಬಂದು ಅರಿಸಿನ ಹಚ್ಚಬೇಕು," ಎಂದು ಹೇಗೋ ಹೇಳಿದೆ.

"ಯಾವತ್ತು?" ಎಂದರು. ಪತ್ರಿಕೆ ಅವರ ಮಡಿಲಲ್ಲೇ ಇತ್ತು. ಹೇಳಿದೆ. "ಎಲ್ಲಿ?" ಹೇಳಿದೆ. "ಚಪ್ರ ಯಾವತ್ತು?" ಅದನ್ನೂ ಹೇಳಿದೆ. "ನಿಮ್ ಮಾವುಂಗೆ?" ಮಾವನ ಕಡೆ ತಿರುಗಿ ಮತ್ತೆ ಮೊದಲಿನಿಂದ ಹೇಳಿದೆ. "ಕೇಳುಸ್ತು ಬುಡಪ್ಪ," ಎಂದು ಮಾವ ನಕ್ಕರು. ಅವ್ವ ಕುಂಕುಮ ಕೊಟ್ಟಳು. ಅತ್ತೆ ಒಳಗೆ ಹೋಗಿ ಎರಡು ಲೋಟ ಹಾಲು ತಂದರು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಬಸ್ಸಿನಲ್ಲಿ ಅವ್ವನನ್ನು ಕೇಳಿದೆ, "ಬರ್ತಾರಾ?" "ನೋಡುಮ," ಎಂದಳು.

ಆ ಸಂಜೆ ಕೂತು ಹೊಸದೊಂದು ಟೆಸ್ಟು ಬರೆದೆ. ಗಂಡ ಹೆಂಡತಿ ಇಬ್ಬರು ಎದುರಿನ ಅಂಗಡಿಯಲ್ಲಿ ಆರು ನಿಮಿಷ ನಿಲ್ಲುತ್ತಾರೆ, ಚಾ ಕುಡಿಯುತ್ತಾರೆ, ಹೊರಟುಹೋಗುತ್ತಾರೆ. ಮನೆಯವರನ್ನು ಕರೆದ ಹಾಗಾಯಿತೇ? ಇಲ್ಲ ಎಂದು ಉತ್ತರ ಬರಬೇಕು. ಓಡಿಸಿದೆ. ಆಯಿತು ಎಂದಿತು ನನ್ನ ಪ್ರೋಗ್ರಾಮು. ಟೆಸ್ಟು ಕೆಂಪಾಗಿ ಬಿದ್ದುಹೋಯಿತು. ನಾನು ಬರೆದವುಗಳಲ್ಲಿ ಏನನ್ನಾದರೂ ಕೇಳಿದ ಟೆಸ್ಟು ಅದೊಂದೇ. ವಿಚಿತ್ರವೆಂದರೆ ಅದರಿಂದ ಕವರೇಜ್ ಒಂದು ಕೂದಲೆಳೆಯೂ ಏರಲಿಲ್ಲ, ಆ ಸಾಲುಗಳೆಲ್ಲ ಮೊದಲೇ ಹಸಿರಾಗಿದ್ದವಲ್ಲ. ಬೆಕ್ಕಿನ ಚಿತ್ರದವರಿಗೆ ಕ್ಷಮೆ ಕೇಳಿ ಬರೆದೆ, ಕಾರಣವನ್ನೂ ಮುಚ್ಚುಮರೆಯಿಲ್ಲದೆ ಬರೆದೆ. ನೂರರ ಕಟ್ಟಪ್ಪಣೆ ತೆಗೆದುಹಾಕಿ ಅವರ ತಿದ್ದುಪಡಿಯನ್ನು ಒಳಗೆ ಬಿಟ್ಟುಕೊಂಡೆ. ಬ್ಯಾಡ್ಜು ತೊಂಬತ್ತೇಳಕ್ಕೆ ಇಳಿಯಿತು. 'ನಿಮ್ಮ ಅತ್ತೆ ಬಂದರೇ ಇಲ್ಲವೇ ತಿಳಿಸಿ' ಎಂದು ಅವರು ಉತ್ತರ ಬರೆದರು.

ತಿದ್ದುಪಡಿ ಒಳಗೆ ಬಂದೊಡನೆ ಇಡೀ ನಕ್ಷೆ ಮತ್ತೆ ಕೆಂಪಾಯಿತು, ಯಾವ ಮನೆಯಲ್ಲೂ ಯಾರಿಗೆ ಹೇಳಿದೆವು ಎಂದು ಬರೆದಿರಲಿಲ್ಲವಲ್ಲ. ಎಲ್ಲರನ್ನೂ ಕೂರಿಸಿಕೊಂಡು ಒಂದೊಂದೇ ಮನೆಯಲ್ಲಿ ಯಾರಿಗೆ ಹೇಳಿದಿರಿ ಎಂದು ಕೇಳಿ, ಅವರವರ ಫೋನಿನಲ್ಲೇ ಹೆಸರು ಬರೆಸುತ್ತ ಹೋದೆ. ಚಂದಕವಾಡಿಯ ಒಂದು ಮನೆಯ ಮುಂದೆ ಚಿಕ್ಕಪ್ಪ ಬಸ್ಸಿಗೆ ಕಾದಿದ್ದರಂತೆ, ಅಷ್ಟೆ. ಹರದನಹಳ್ಳಿಯ ಒಂದು ಮನೆಗೆ ಬೀಗ ಹಾಕಿತ್ತಂತೆ, ಪತ್ರಿಕೆ ಕಿಟಕಿಗೆ ಸಿಕ್ಕಿಸಿದ್ದರಂತೆ. ಆ ಮನೆಗಳಿಗೆ ನಾನೇ ತಮ್ಮನ ಬೈಕಿನ ಹಿಂದೆ ಕೂತು ಹೋದೆ. ಒಳಗೆ ಕೂತು, ಕೊಟ್ಟದ್ದನ್ನೆಲ್ಲ ಕುಡಿದು, ಬಾಯಿಬಿಟ್ಟು ಹೇಳಿದೆ. ಹೊಟ್ಟೆ ತುಂಬ ಕಾಫಿ, ಮುಖ ತುಂಬ ಧೂಳು. "ಈ ಬುದ್ಧಿ ಮೊದ್ಲೇ ಇದ್ದಿದ್ರೆ ಏನಾಯ್ತಿತ್ತಣ್ಣ," ಎಂದು ತಮ್ಮ ದಾರಿಯುದ್ದಕ್ಕೂ ಗೊಣಗಿದ.

ಚಪ್ಪರದ ದಿನ ಮಧ್ಯಾಹ್ನವಾದರೂ ಅತ್ತೆಯ ಸುಳಿವಿಲ್ಲ. ಅರಿಸಿನ ಕಲಸಿಟ್ಟಿದ್ದರು, ತಂಗಿ ಹಳೇ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಾನು ರಸ್ತೆಗೂ ಚಪ್ಪರಕ್ಕೂ ಓಡಾಡುತ್ತಿದ್ದೆ. ಕೊನೆಗೆ ಒಂದು ಆಟೋ ಬಂದು ನಿಂತಿತು. ಅತ್ತೆ ಇಳಿದರು, ಹಿಂದೆ ಬ್ಯಾಗು ಹಿಡಿದುಕೊಂಡು ಮಾವ. ತಡವಾದದ್ದಕ್ಕೆ ಬಸ್ಸನ್ನು ಬೈದು, ಚಪ್ಪರದ ಬಾಳೆಕಂದು ಸರಿಯಾಗಿ ಕಟ್ಟಿಲ್ಲ ಎಂದು ನನ್ನನ್ನು ಬೈದು, ಕಾಲು ತೊಳೆದುಕೊಂಡು ಬಂದು ತಂಗಿಯ ಮುಂದೆ ಕೂತರು. ಅರಿಸಿನದ ಬಟ್ಟಲಿಗೆ ಕೈ ಅದ್ದಿದವರು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಿನ್ ಕಂಪ್ಯೂಟ್ರು ಈಗ ಏನಂತದೆ ನೋಡ್ಲಾ, ನನ್ನ ಕರ್ದಾಗದೆ ಅಂತದಾ?"

ಫೋನು ತೆಗೆದು ನೋಡಿದೆ. ಪುಣಜನೂರಿನಿಂದ ಹಂಗಳದವರೆಗೆ ಎಲ್ಲ ಚುಕ್ಕೆಗಳೂ ಹಸಿರಾಗಿದ್ದವು. ಅವರ ಮನೆಯದು ಮಾತ್ರ ಕೆಂಪಾಗಿಯೇ ಇತ್ತು. ನಾನು ಅವರನ್ನು ಕರೆಯಲು ಹೋದ ದಿನ ನನ್ನ ಫೋನು ಸಕ್ಕರೆ ಡಬ್ಬದ ಪಕ್ಕದಲ್ಲಿತ್ತು.

"ಇಲ್ಲ ಅತ್ತೆ. ಇನ್ನೂ ಕರೆದಿಲ್ಲ ಅಂತ ತೋರಿಸ್ತಾ ಇದೆ."

"ಅಂಗಾರೆ ಕರಿ," ಎಂದರು ಅತ್ತೆ, ಅರಿಸಿನದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು.

ಫೋನನ್ನು ತಮ್ಮನ ಕೈಗೆ ಕೊಟ್ಟೆ. ಅಷ್ಟೂ ಜನರ ಮುಂದೆ ಕೈ ಮುಗಿದು, "ಅತ್ತೆ, ತಂಗಿ ಮದುವೆ. ನೀವು ಬರಬೇಕು," ಎಂದೆ. ಈ ಸಲ ನಾಲಗೆ ತೊದಲಲಿಲ್ಲ.

"ಬತ್ತಿನಿ ಬುಡಪ್ಪ," ಎಂದು ಅತ್ತೆ ತಂಗಿಯ ಕೆನ್ನೆಗೆ ಅರಿಸಿನ ಹಚ್ಚಿದರು.